ಲಂಡನ್ನಿನ ಮೂರು ಮಾಟಮಂತ್ರದ ಪುಸ್ತಕದಂಗಡಿಗಳು, ಮತ್ತು ಕಪಾಟಿನ ಮುಂದೆ ಮಾಡಬೇಕಾದ ಲೆಕ್ಕ

ಮಾಟಮಂತ್ರದ ಪುಸ್ತಕ ಕೊಳ್ಳುವವರು ಮೋಸ ಹೋಗುವುದು ಹೊದಿಕೆ ನೋಡಿ. ಕಪ್ಪು ರಟ್ಟು, ಚಿನ್ನದ ಬಣ್ಣದ ನಕ್ಷತ್ರ, ಒಳಗೆ ನೂರು ವರ್ಷ ಹಳೆಯ ಅನುವಾದವನ್ನು ಸ್ಕ್ಯಾನ್ ಮಾಡಿ ತಿದ್ದದೆ ಅಚ್ಚು ಹಾಕಿದ ಪುಟಗಳು. ಈ ವಿಷಯದಲ್ಲಿ ಪುಸ್ತಕದ ಹೆಸರಿಗಿಂತ ಆವೃತ್ತಿ ಮುಖ್ಯ. ಯಾರು ಅನುವಾದಿಸಿದರು, ಯಾವ ಹಸ್ತಪ್ರತಿಯಿಂದ, ಯಾವ ವರ್ಷ? ಇದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಲು ಲಂಡನ್ನಿನಷ್ಟು ಅನುಕೂಲದ ಊರು ಕಡಿಮೆ. ಅಲ್ಲಿರುವ ಕನ್ನಡಿಗರು, ಬ್ರಿಟಿಷ್ ಮ್ಯೂಸಿಯಂ ನೋಡಲು ಹೋಗುವವರು, ಅರ್ಧ ದಿನ ತೆಗೆದಿಟ್ಟರೆ ಮೂರೂ ಅಂಗಡಿಗಳನ್ನು ನಡೆದೇ ಮುಗಿಸಬಹುದು.

ಗುಡ್ಜ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ಸ್ಟೋರ್ ಸ್ಟ್ರೀಟಿನ ಟ್ರೆಡ್‌ವೆಲ್ಸ್‌ನಿಂದ ಶುರು ಮಾಡಿ. 2003ರಲ್ಲಿ ಕ್ರಿಸ್ಟಿನಾ ಓಕ್ಲಿ ಹ್ಯಾರಿಂಗ್ಟನ್ ತೆರೆದ ಅಂಗಡಿ. ಮೂರರಲ್ಲಿ ಮೊದಲ ಸ್ಥಾನ ಇದಕ್ಕೇ, ಏಕೆಂದರೆ ವಿಶ್ವವಿದ್ಯಾಲಯದ ಸಂಶೋಧನಾ ಗ್ರಂಥಗಳೂ ಆಚರಣೆಯ ಕೈಪಿಡಿಗಳೂ ಒಂದೇ ಸೂರಿನಡಿ ಸಿಗುತ್ತವೆ. ಹಳೆಯ ಪುಸ್ತಕಗಳೂ ಇವೆ, ಉಪನ್ಯಾಸಗಳೂ ನಡೆಯುತ್ತವೆ. ಅಲ್ಲಿಂದ ಮ್ಯೂಸಿಯಂ ಎದುರಿನ ಮ್ಯೂಸಿಯಂ ಸ್ಟ್ರೀಟಿಗೆ ಬಂದರೆ ಅಟ್ಲಾಂಟಿಸ್. 1922ರಲ್ಲಿ ಮೈಕಲ್ ಹಾಟನ್ ಕಟ್ಟಿದ್ದು. ವಿಕ್ಕಾ ಎಂಬ ಆಧುನಿಕ ಮಾಟಪಂಥಕ್ಕೆ ಅಡಿಪಾಯ ಹಾಕಿದ ಜೆರಾಲ್ಡ್ ಗಾರ್ಡ್ನರ್‌ನ ಬರಹ 1949ರಲ್ಲಿ ಕಾದಂಬರಿಯ ರೂಪದಲ್ಲಿ ಹೊರಬಂದದ್ದು ಇಲ್ಲಿಂದಲೇ. ಬ್ರಿಟನ್ನಿನ 1735ರ ಮಾಟ ಕಾಯ್ದೆ ರದ್ದಾದದ್ದು 1951ರಲ್ಲಿ, ಅದಾದ ಮೇಲೆಯೇ, 1954ರಲ್ಲಿ, ಅವನು ಕಾದಂಬರಿಯ ಮರೆಯಿಲ್ಲದೆ ನೇರವಾಗಿ ಬರೆದದ್ದು. ಪುಟ್ಟ ಅಂಗಡಿ, ಆದರೆ ಇಪ್ಪತ್ತನೇ ಶತಮಾನದ ಇಂಗ್ಲಿಷ್ ಮಾಂತ್ರಿಕರ ಬಗ್ಗೆ ಆಸಕ್ತಿ ಇದ್ದರೆ ತಪ್ಪಿಸಬಾರದು. ಕೊನೆಯದು ಲೆಸ್ಟರ್ ಸ್ಕ್ವೇರ್ ಹತ್ತಿರದ ಸೆಸಿಲ್ ಕೋರ್ಟಿನಲ್ಲಿರುವ ವಾಟ್ಕಿನ್ಸ್. 1897ರಲ್ಲಿ ಶುರುವಾಗಿ 1901ರಿಂದ ಇದೇ ಓಣಿಯಲ್ಲಿದೆ. ವೇದಾಂತ, ಬೌದ್ಧ, ಯೋಗ, ಟ್ಯಾರೋ ಎಲ್ಲವೂ ಉಂಟು. ಮಾಟದ ಪುಸ್ತಕವೇ ಬೇಕಾದವರು ನೇರ ಆ ವಿಭಾಗ ಕೇಳಿಕೊಂಡು ಹೋಗುವುದು ಒಳ್ಳೆಯದು, ಇಲ್ಲದಿದ್ದರೆ ದಿನ ಅಲ್ಲೇ ಕಳೆದುಹೋಗುತ್ತದೆ.

ಈಗ ಕಪಾಟಿಗೆ ಬರೋಣ. ಪಾಶ್ಚಾತ್ಯ ಮಂತ್ರವಿದ್ಯೆಯ ತಾಯಿಬೇರು ಜರ್ಮನ್ ವಿದ್ವಾಂಸ ಅಗ್ರಿಪ್ಪನ ‘ಥ್ರೀ ಬುಕ್ಸ್ ಆಫ್ ಅಕಲ್ಟ್ ಫಿಲಾಸಫಿ’ ಎಂಬ ಮೂರು ಸಂಪುಟಗಳು. ಲ್ಯಾಟಿನ್ ಮೂಲ ಪೂರ್ತಿಯಾಗಿ ಬಂದದ್ದು 1533ರಲ್ಲಿ, ಇಂಗ್ಲಿಷ್ ಅನುವಾದ 1651ರಲ್ಲಿ. ಅಗ್ಗದ ಮರುಮುದ್ರಣಗಳು ಹೆಚ್ಚಾಗಿ ಆ 1651ರದ್ದು. ಅದರಲ್ಲಿ ಹಳೆಯ ಉದ್ದನೆಯ ‘ಎಸ್’ ಅಕ್ಷರವನ್ನು ಕಂಪ್ಯೂಟರ್ ‘ಎಫ್’ ಎಂದು ಓದಿ ‘ಸೆವೆನ್’ ಎಂಬುದು ‘ಫೆವೆನ್’ ಆಗಿರುತ್ತದೆ. ಅಕ್ಷರದ ತಪ್ಪು ಕಣ್ಣಿಗೆ ಬೀಳುತ್ತದೆ, ಅಂಕಿಯ ತಪ್ಪು ಬೀಳುವುದಿಲ್ಲ. ಆದ್ದರಿಂದ ಎರಡನೇ ಸಂಪುಟದಲ್ಲಿ ಗ್ರಹಗಳ ಚೌಕಗಳಿರುವ ಪುಟ ತೆರೆದು ಕೂಡಿ ನೋಡಿ. ಶನಿಯ ಚೌಕದಲ್ಲಿ ಸಾಲಿಗೆ ಮೂರರಂತೆ ಮೂರು ಸಾಲು: 4, 9, 2; 3, 5, 7; 8, 1, 6. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ, ಹೇಗೆ ಕೂಡಿದರೂ 15. ನಮ್ಮ ನವಗ್ರಹ ಯಂತ್ರಗಳನ್ನು ಬಲ್ಲವರಿಗೆ ಇದು ಹಳೆಯ ಪರಿಚಯ. ಅಲ್ಲಿ ಹದಿನೈದರ ಯಂತ್ರ ಸೂರ್ಯನದು, ಇಲ್ಲಿ ಶನಿಯದು. ಗುರುವಿಗೆ 34, ಕುಜನಿಗೆ 65, ರವಿಗೆ 111, ಶುಕ್ರನಿಗೆ 175, ಬುಧನಿಗೆ 260, ಚಂದ್ರನಿಗೆ 369.

ಚಂದ್ರನ ಚೌಕದಲ್ಲಿ 81 ಮನೆಗಳು, ತಪ್ಪು ನುಸುಳುವುದು ಹೆಚ್ಚಾಗಿ ಇಲ್ಲೇ. ಒಂದು ಅಡ್ಡಸಾಲು 374 ಬಂತು ಅನ್ನಿ, ಒಂದು ಕಂಬಸಾಲೂ 374. ಅವೆರಡೂ ಸೇರುವ ಮನೆಯೇ ಕೆಟ್ಟದ್ದು, ಅಲ್ಲಿ 5 ಹೆಚ್ಚಾಗಿದೆ: 33 ಇರಬೇಕಾದ ಕಡೆ 38 ಅಚ್ಚಾಗಿದೆ, ಮೂರು ಎಂಟಾಗಿದೆ. ಚೌಕದಲ್ಲಿ 38 ಎರಡು ಸಲ ಕಂಡರೆ ಅನುಮಾನ ಬೇಡ. ಒಂದು ಚೌಕ ಕೆಟ್ಟಿದ್ದರೆ ಆ ಪುಸ್ತಕದ ಚಿತ್ರ, ಮುದ್ರೆ, ಹೆಸರು ಯಾವುದನ್ನೂ ನಂಬುವಂತಿಲ್ಲ. 1993ರ ಡೊನಾಲ್ಡ್ ಟೈಸನ್ ಆವೃತ್ತಿ ಈ ಚೌಕಗಳನ್ನು ತಿದ್ದಿ, ದಂಡಿಯಾಗಿ ಟಿಪ್ಪಣಿ ಕೊಟ್ಟಿದೆ. 2021ರಲ್ಲಿ ಎರಿಕ್ ಪರ್ಡ್ಯೂ ಲ್ಯಾಟಿನ್ನಿನಿಂದಲೇ ಹೊಸದಾಗಿ ಅನುವಾದಿಸಿದ್ದಾರೆ. ದುಡ್ಡು ಹಾಕುವುದಿದ್ದರೆ ಇವೆರಡರಲ್ಲಿ ಒಂದಕ್ಕೆ ಹಾಕಿ. ‘ನಾಲ್ಕನೇ ಪುಸ್ತಕ’ ಎಂದು ಮಾರುವುದು ಅಗ್ರಿಪ್ಪನದಲ್ಲ. ಅವನು ತೀರಿಕೊಂಡದ್ದು 1535ರಲ್ಲಿ, ಅದು ಬಂದದ್ದು 1559ರಲ್ಲಿ. ಅವನ ಶಿಷ್ಯ ವೈಯರನೇ ಅದನ್ನು ಅಲ್ಲಗಳೆದಿದ್ದಾನೆ.

‘ಗೊಯೆಟಿಯಾ’ ಎಂಬ ಹೆಸರಿನಲ್ಲಿ 72 ಭೂತಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ. ಅದು ‘ಲೆಮೆಗೆಟನ್’ ಎಂಬ ಐದು ಭಾಗಗಳ ಗ್ರಂಥದ ಮೊದಲ ಭಾಗ ಮಾತ್ರ. 1904ರಲ್ಲಿ ಇಂಗ್ಲಿಷ್ ಮಾಂತ್ರಿಕ ಅಲಿಸ್ಟರ್ ಕ್ರೌಲಿ ಹೊರತಂದದ್ದೂ ಅಷ್ಟೇ. ಐದೂ ಬೇಕೆಂದರೆ ಜೋಸೆಫ್ ಪೀಟರ್ಸನ್ 2001ರಲ್ಲಿ ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದ್ದನ್ನು ಕೇಳಿ. ಮಾಟಗಾತಿಯರ ವಿಚಾರಣೆಗೆಂದು 1486ರಲ್ಲಿ ಕ್ರಾಮರ್ ಬರೆದ ‘ಮ್ಯಾಲಿಯಸ್ ಮ್ಯಾಲೆಫಿಕಾರಮ್’ ಎಂಬ ಕ್ರೂರ ಕೈಪಿಡಿಗೂ ಇದೇ ಮಾತು. ಮಾಂಟೆಗ್ಯೂ ಸಮ್ಮರ್ಸ್‌ನ 1928ರ ಅನುವಾದ ಅಗ್ಗ, ಆದರೆ ಅವನೇ ಮಾಟಗಾತಿಯರು ನಿಜವೆಂದು ನಂಬಿ ಆ ಪುಸ್ತಕವನ್ನು ಮೆಚ್ಚಿದವನು. ಕ್ರಿಸ್ಟೋಫರ್ ಮ್ಯಾಕೇ ಅವರ 2009ರ ಒಂದೇ ಸಂಪುಟದ ಅನುವಾದ ಕೊಳ್ಳಿ.

ಇತಿಹಾಸದ ಪುಸ್ತಕಕ್ಕೆ ಪರೀಕ್ಷೆ ಇನ್ನೂ ಸುಲಭ. ಯುರೋಪಿನಲ್ಲಿ 90 ಲಕ್ಷ ಮಾಟಗಾತಿಯರನ್ನು ಸುಟ್ಟರು ಎಂದಿದ್ದರೆ ಅಲ್ಲೇ ಮುಚ್ಚಿಡಿ. ಆ ಸಂಖ್ಯೆಯ ಮೂಲ, 18ನೇ ಶತಮಾನದ ಜರ್ಮನ್ ಒಬ್ಬ ತನ್ನೂರಿನ ಕಡತದ ಲೆಕ್ಕವನ್ನು ಇಡೀ ಖಂಡಕ್ಕೆ ಗುಣಿಸಿದ್ದು. ಇವತ್ತಿನ ಇತಿಹಾಸಕಾರರ ಅಂದಾಜು 40,000ದಿಂದ 60,000. ಅಷ್ಟು ಜೀವಗಳೇ ಸಾಕಷ್ಟು ಭಯಾನಕ, ಉಬ್ಬಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಮಾಟದ ಅಪರಾಧಕ್ಕೆ ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. ಇದನ್ನು ತಪ್ಪಾಗಿ ಬರೆದವರು ಮೂಲ ದಾಖಲೆ ನೋಡಿದವರಲ್ಲ. ಆಧುನಿಕ ಮಾಟಪಂಥದ ಹುಟ್ಟಿಗೆ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಬರೆದ ‘ದಿ ಟ್ರಯಂಫ್ ಆಫ್ ದಿ ಮೂನ್’ ಈಗಲೂ ಮೊದಲ ಓದು.

ಗಿಡಮೂಲಿಕೆಯ ಪುಸ್ತಕವಾದರೆ ಸೂಚಿಯಲ್ಲಿ ವತ್ಸನಾಭಿ ಹುಡುಕಿ. ಮಾಟಗಾತಿಯರು ಹಾರಲು ಮೈಗೆ ಬಳಿಯುತ್ತಿದ್ದರೆನ್ನುವ ಹಳೆಯ ಲೇಪಗಳ ಕೆಲವು ಪಟ್ಟಿಗಳಲ್ಲಿ ಬರುವ ಇದರ ವಿಷ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಎಚ್ಚರಿಕೆ ಇಲ್ಲದೆ ಅಳತೆ ಮಾತ್ರ ಕೊಟ್ಟ ಪುಸ್ತಕ ಮನೆಗೆ ಬರಬಾರದು.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ತರಿಸುವವರು ಮೊದಲು ಉಚಿತವಾದದ್ದನ್ನು ನೋಡಿಕೊಳ್ಳಿ. ಪೀಟರ್ಸನ್ ಅವರ ‘ಎಸೊಟೆರಿಕ್ ಆರ್ಕೈವ್ಸ್’ ಜಾಲತಾಣದಲ್ಲಿ ಹಳೆಯ ಮಂತ್ರಗ್ರಂಥಗಳ ಪಠ್ಯಗಳಿವೆ. ಕಾರ್ನೆಲ್ ವಿಶ್ವವಿದ್ಯಾಲಯದ ಮಾಟ ಸಂಗ್ರಹದಲ್ಲಿ 3,000ಕ್ಕೂ ಹೆಚ್ಚು ಕೃತಿಗಳಿದ್ದು ಒಂದಷ್ಟನ್ನು ಪುಟದ ಚಿತ್ರ ಸಮೇತ ಓದಬಹುದು. ಅಂಗಡಿಗೆ ಇಮೇಲ್ ಬರೆಯುವಾಗ ಹೆಸರಿನ ಜೊತೆ ಸಂಪಾದಕರು, ವರ್ಷ, ಐಎಸ್‌ಬಿಎನ್ ಕೊಡಿ. ಹಳೆಯ ಪ್ರತಿಯಾದರೆ ಚಿತ್ರಫಲಕಗಳು ಪೂರ್ತಿ ಇವೆಯೇ ಎಂದು ಕೇಳಿ, ಚಂದ್ರನ ಚೌಕದ ಪುಟದ ಫೋಟೋ ತರಿಸಿಕೊಂಡು ಕೂಡಿ ನೋಡಿದ ಮೇಲೆಯೇ ಹಣ ಕಳಿಸಿ.