ಕಮಿನೊ ಫ್ರಾನ್ಸೆಸ್ ಪಾದಯಾತ್ರೆ: ಹಲವು ವರ್ಷ ನಡೆದ ಮೇಲಿನ ವಿಮರ್ಶೆ

ಫ್ರಾನ್ಸಿನ ಸ್ಯಾಂ ಜಾನ್ ಪ್ಯೆ ದ ಪೋರ್ ಎಂಬ ಪುಟ್ಟ ಪಟ್ಟಣದಿಂದ ಏಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆಯೆಂದು ನಂಬುವ ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾದವರೆಗೆ ಸುಮಾರು 780 ಕಿಲೋಮೀಟರ್ ಸಾಗುವ ಕಮಿನೊ ಫ್ರಾನ್ಸೆಸ್ ಯಾತ್ರಾಮಾರ್ಗವನ್ನು ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ ನಡೆದಿದ್ದೇನೆ. ದಾರಿಗೂ ಒಂದು ವಿಮರ್ಶೆಯೇ ಎಂದು ಯಾರಾದರೂ ಕೇಳಬಹುದು. ಆದರೆ ದಾರಿಗುರುತು, ವಸತಿ, ಊಟ, ಸಾಮಾನು ಸಾಗಣೆಯಿಂದ ಹಿಡಿದು ಪ್ರಮಾಣಪತ್ರದವರೆಗೆ ಎಲ್ಲವೂ ಯಾತ್ರಿಕನಿಗೆಂದೇ ರೂಪುಗೊಂಡಿರುವ ಈ ಮಾರ್ಗ ಒಂದು ಸೇವೆಯೂ ಹೌದು. ಈ ಸೇವೆಯ ಅತಿ ದೊಡ್ಡ ಗುಣವೆಂದರೆ, ಬಹುಪಾಲು ದಾರಿಯಲ್ಲಿ ಕೆಲವೇ ಕಿಲೋಮೀಟರಿಗೊಂದು ಊರು, ಆ ಊರಿನಲ್ಲೊಂದು ಹಾಸಿಗೆ ಸಿಗುವುದರಿಂದ, ಕಾಲು ಸಾಕೆಂದ ಕಡೆ ನಿಂತುಬಿಡಬಹುದು. ಪ್ರತಿ ರಾತ್ರಿಯ ಬಿಡಾರವನ್ನೂ ಮನೆಯಲ್ಲೇ ಕುಳಿತು ಕಾಯ್ದಿರಿಸಿಕೊಂಡು ಹೊರಡುವವರು ಈ ಗುಣವನ್ನು ತಾವಾಗಿಯೇ ಬಿಟ್ಟುಕೊಡುತ್ತಾರೆ ಎಂಬುದು ನನ್ನ ಅಭಿಪ್ರಾಯ.

ದಾರಿಗುರುತಿನ ಬಗ್ಗೆ ದೂರಲು ಏನೂ ಇಲ್ಲ. ಒ ಸೆಬ್ರೆಯ್ರೊ ಗ್ರಾಮದ ಪಾದ್ರಿ ಎಲಿಯಾಸ್ ವಲಿನ್ಯಾ 1984ರಲ್ಲಿ ಬಳಿಯಲು ಆರಂಭಿಸಿದ ಹಳದಿ ಬಾಣಗಳು ಇಂದು ಮರ, ಗೋಡೆ, ರಸ್ತೆಕಂಬ ಎಲ್ಲದರ ಮೇಲೂ ಇವೆ. ನಕಾಶೆ ತೆರೆಯುವ ಪ್ರಸಂಗವೇ ಕಡಿಮೆ. ದೊಡ್ಡ ನಗರಗಳಲ್ಲಿ ಮಾತ್ರ, ಅಂಗಡಿ ಫಲಕಗಳ ನಡುವೆ ಬಾಣ ಕಣ್ತಪ್ಪುವುದರಿಂದ, ಈ ಯಾತ್ರೆಯ ಲಾಂಛನವಾಗಿ ನೆಲದಲ್ಲಿ ಹುದುಗಿಸಿರುವ ಚಿಪ್ಪಿನ ಗುರುತನ್ನು ನೋಡಿಕೊಂಡು ನಡೆಯುವುದು ಒಳ್ಳೆಯದು.

ಅಲ್ಬೆರ್ಗೆ ಎಂದು ಕರೆಯುವ ಯಾತ್ರಿಕರ ವಸತಿಗೃಹಗಳಲ್ಲಿ ಊರಾಡಳಿತದವು, ಚರ್ಚಿನವು, ಖಾಸಗಿಯವು ಎಂದು ಹಲವು ಬಗೆಗಳಿವೆ. ಮುದ್ರೆ ಹಾಕಿಸಿಕೊಳ್ಳುವ ಯಾತ್ರಾಪುಸ್ತಕವಾದ ಕ್ರೆದೆನ್ಸಿಯಲ್ ತೋರಿಸಿದರೆ ಮಾತ್ರ ಊರಾಡಳಿತದ ಮತ್ತು ಚರ್ಚಿನ ವಸತಿಗಳಲ್ಲಿ ಜಾಗ ಸಿಗುತ್ತದೆ. ಅಲ್ಲಿ ಸಾಮಾನ್ಯವಾಗಿ ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಒಂದೇ ರಾತ್ರಿ ತಂಗಬಹುದು, ರಾತ್ರಿ ಹತ್ತಕ್ಕೆ ದೀಪ ಆರುತ್ತದೆ, ಬೆಳಿಗ್ಗೆ ಎಂಟರೊಳಗೆ ಖಾಲಿ ಮಾಡಬೇಕು. ಬಂಕ್ ಮಂಚಗಳ ಸಾಲಿನಲ್ಲಿ ಗೊರಕೆಯ ಸದ್ದು ಖಚಿತವಾದುದರಿಂದ ಕಿವಿಗೆ ಇಯರ್ ಪ್ಲಗ್ ಬೇಕೇ ಬೇಕು. ಹಾಸಿಗೆಯ ಮೇಲೆ ಚೀಲ ಇಡುವ ಮೊದಲು ದಿಂಬಿನ ಹೊಲಿಗೆ ಮತ್ತು ಮಂಚದ ಸಂದಿಗಳನ್ನು ಮೊಬೈಲ್ ಬೆಳಕಿನಲ್ಲಿ ನೋಡಬೇಕು. ತಿಗಣೆ ಇದ್ದರೆ ಸಣ್ಣ ಕಪ್ಪು ಚುಕ್ಕೆಗಳು ಕಾಣಿಸುತ್ತವೆ. ಬಾಗಿಲ ಬಳಿಯ ಕಪಾಟಿನಲ್ಲಿ ಬಿಡುವ ಬೂಟುಗಳಿಗೆ ಒಂದು ಬಣ್ಣದ ದಾರ ಕಟ್ಟಿಡಿ. ಬೆಳಗಿನ ಕತ್ತಲಲ್ಲಿ ಒಬ್ಬರ ಬೂಟನ್ನು ಇನ್ನೊಬ್ಬರು ಹಾಕಿಕೊಂಡು ಹೋಗುವುದು ಇಲ್ಲಿ ಅಪರೂಪವಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಲ್ಲೊಂದು ತೊಡಕಿದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಅರ್ಜಿಯೊಂದಿಗೆ ವಸತಿಯ ದಾಖಲೆ ಕೊಡಬೇಕು. ಆದರೆ ದಾರಿಯ ಸೊಗಸಿರುವುದೇ ವಸತಿ ಗೊತ್ತುಮಾಡಿಕೊಳ್ಳದೆ ನಡೆಯುವುದರಲ್ಲಿ. ದಿನವಾರು ನಡಿಗೆಯ ವಿವರವನ್ನು ಬರೆದು, ಶುಲ್ಕವಿಲ್ಲದೆ ರದ್ದುಗೊಳಿಸಬಹುದಾದ ಖಾಸಗಿ ವಸತಿಗಳನ್ನು ಅದಕ್ಕೆ ಜೋಡಿಸುವುದು ಸರಿಯಾದ ಕ್ರಮ. ನಡಿಗೆ ಆರಂಭವಾಗುವುದು ಫ್ರಾನ್ಸಿನಲ್ಲಾದರೂ ಹೆಚ್ಚು ದಿನ ಉಳಿಯುವುದು ಸ್ಪೇನಿನಲ್ಲಾದ್ದರಿಂದ ಅರ್ಜಿಯನ್ನು ಸ್ಪೇನಿಗೇ ಹಾಕಬೇಕು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಇನ್ನು ಕಾಲು ಮತ್ತು ಚೀಲ. ಬೆನ್ನುಚೀಲದ ತೂಕ ದೇಹತೂಕದ ಹತ್ತನೇ ಒಂದು ಭಾಗ ಮೀರಬಾರದು ಎಂಬ ಹಳೆಯ ಲೆಕ್ಕವನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ಎರಡು ಜೊತೆ ಬಟ್ಟೆ, ಮೆರಿನೋ ಉಣ್ಣೆಯ ಕಾಲುಚೀಲ, ಮಳೆಯಂಗಿ, ಹಗುರವಾದ ಸ್ಲೀಪಿಂಗ್ ಬ್ಯಾಗ್, ಇಷ್ಟಿದ್ದರೆ ಸಾಕು. ಉಳಿದುದೆಲ್ಲ ದಾರಿಯ ಊರುಗಳಲ್ಲಿ ಸಿಗುತ್ತದೆ. ದಿನವಿಡೀ ನಡೆದಾಗ ಪಾದ ಊದಿಕೊಳ್ಳುವುದರಿಂದ ಬೂಟು ಒಂದು ಅಳತೆ ದೊಡ್ಡದಿರಲಿ, ಮತ್ತು ಮನೆಯ ಸುತ್ತಮುತ್ತ ನಡೆದು ಪಳಗಿಸಿದ್ದಾಗಿರಲಿ. ಚರ್ಮ ಬಿಸಿಯೇರಿ ಉರಿಯತೊಡಗಿದ ಕೂಡಲೇ, ಊರು ಬರಲಿ ಎಂದು ಕಾಯದೆ, ಅಲ್ಲೇ ಕುಳಿತು ಟೇಪ್ ಅಂಟಿಸಬೇಕು. ಅರ್ಧ ಗಂಟೆ ತಡೆದರೆ ಅದು ಬೊಬ್ಬೆಯಾಗುತ್ತದೆ, ಬೊಬ್ಬೆಯಾದ ಮೇಲೆ ನಡಿಗೆಯ ಭಂಗಿ ಬದಲಾಗಿ ಮಂಡಿಯೂ ನೋಯತೊಡಗುತ್ತದೆ.

ಏರುಗಳಿಗಿಂತ ಇಳಿಜಾರುಗಳೇ ಇಲ್ಲಿ ಹೆಚ್ಚು ಜನರನ್ನು ಕೆಡವುತ್ತವೆ. ಮೊದಲ ದಿನವೇ ಪಿರನೀಸ್ ಪರ್ವತದಲ್ಲಿ ಸುಮಾರು 1,430 ಮೀಟರ್ ಎತ್ತರಕ್ಕೆ ಹತ್ತಿ ರೊನ್ಸೆಸ್ವಾಯೆಸ್ ಮಠದ ಕಡೆಗೆ ಇಳಿಯಬೇಕು. ಮರುದಿನ ಸುಬಿರಿಗೆ ಇಳಿಯುವಾಗ ನೆಲದಿಂದ ಓರೆಯಾಗಿ ಎದ್ದ ಕಲ್ಲಿನ ಚಪ್ಪಡಿಗಳು ಮಳೆ ಬಿದ್ದರೆ ಎಣ್ಣೆ ಸವರಿದಂತೆ ಜಾರುತ್ತವೆ. ಪಾಂಪ್ಲೋನಾ ದಾಟಿದ ಮೇಲೆ ಪೆರ್ದೋನ್ ಬೆಟ್ಟದ ಹಿಂಬದಿಯ ಉರುಳುಗಲ್ಲುಗಳು, ಬಹಳ ಮುಂದೆ ಸುಮಾರು 1,500 ಮೀಟರ್ ಎತ್ತರದ ಕ್ರುಸ್ ದೆ ಫೆರೊದಿಂದ ಮೊಲಿನಾಸೆಕಾಗೆ ಇಳಿಯುವ ಉದ್ದನೆಯ ದಾರಿ, ಇವೂ ಅಂಥವೇ. ಎರಡು ವಾಕಿಂಗ್ ಪೋಲ್‌ಗಳಿಗೆ ಹಾಕಿದ ಹಣ ಇಲ್ಲಿ ವಸೂಲಾಗುತ್ತದೆ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಪಿರನೀಸ್‌ನ ಮೇಲಿನ ದಾರಿ ಮುಚ್ಚಿರುತ್ತದೆ. ಆಗ ವಾಲ್‌ಕಾರ್ಲೋಸ್ ಕಣಿವೆಯ ದಾರಿಯಲ್ಲೇ ಹೋಗಬೇಕು. ಮೊದಲ ವಾರ ಎಷ್ಟೇ ಹುಮ್ಮಸ್ಸಿದ್ದರೂ ದಿನಕ್ಕೆ 20 ಕಿಲೋಮೀಟರಿನ ಆಸುಪಾಸಿನಲ್ಲೇ ನಿಲ್ಲಿಸುವುದು ಕ್ಷೇಮ.

ಸಾಮಾನನ್ನು ಒಂದು ವಸತಿಯಿಂದ ಮುಂದಿನದಕ್ಕೆ ಸಾಗಿಸುವ ಸೇವೆಯನ್ನು ಸ್ಪೇನಿನ ಅಂಚೆ ಸಂಸ್ಥೆಯೂ ಸೇರಿದಂತೆ ಹಲವರು ನಡೆಸುತ್ತಾರೆ. ಬೆನ್ನುನೋವಿನವರಿಗೆ ಇದು ವರ. ಆದರೆ ಚೀಲ ಎಲ್ಲಿಗೆ ಹೋಯಿತೋ ಅಲ್ಲಿಯವರೆಗೆ ನಾವೂ ನಡೆಯಲೇಬೇಕು.

ಸಸ್ಯಾಹಾರಿಗಳಿಗೆ ಊಟವೇ ಈ ಸೇವೆಯ ದುರ್ಬಲ ಭಾಗ. ಮಾಂಸ ಬೇಡವೆಂದು ಹೇಳಿ ತರಿಸಿದ 'ಎನ್ಸಲಾದಾ ಮಿಸ್ತಾ' ಎಂಬ ತರಕಾರಿ ಸಲಾಡಿನ ನಡುವೆ ಟ್ಯೂನಾ ಮೀನು ಕುಳಿತಿರುತ್ತದೆ. ಬೇಳೆಯ ಸಾರಿನಲ್ಲಿ ಹಂದಿಮಾಂಸದ ಚೋರಿಸೊ ತುಂಡುಗಳು ತೇಲುತ್ತವೆ. ಬಡಿಸುವವರ ತಪ್ಪೇನಿಲ್ಲ, ಅವರ ಲೆಕ್ಕದಲ್ಲಿ ಮೀನು ಮಾಂಸವಲ್ಲ. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಆತೂನ್, ಸಿನ್ ಹಾಮೊನ್' ಎಂದು ಮಾಂಸ, ಮೀನು, ಟ್ಯೂನಾ, ಹಂದಿಮಾಂಸ ನಾಲ್ಕನ್ನೂ ಒಂದೊಂದಾಗಿ ಹೆಸರಿಸಿ ಬೇಡವೆನ್ನಬೇಕು. ಅಡುಗೆಮನೆ ಇರುವ ಅಲ್ಬೆರ್ಗೆ ಹುಡುಕಿ, ಅಕ್ಕಿ, ತರಕಾರಿ ತಂದು ನಾವೇ ಬೇಯಿಸಿಕೊಳ್ಳುವುದು ಇನ್ನೂ ಲೇಸು. ಮಧ್ಯಾಹ್ನ ಎರಡರಿಂದ ಐದರವರೆಗೆ ಮತ್ತು ಭಾನುವಾರ ಸಣ್ಣ ಊರುಗಳ ಅಂಗಡಿ ಮುಚ್ಚಿರುತ್ತವೆ ಎಂಬುದು ನೆನಪಿರಲಿ.

ಬುರ್ಗೋಸ್ ಮತ್ತು ಲಿಯೋನ್ ನಡುವಿನ ಮೆಸೆತಾ ಬಯಲನ್ನು ಅನೇಕರು ಬಸ್ಸಿನಲ್ಲಿ ದಾಟುತ್ತಾರೆ. ನನಗೆ ಅದೇ ದಾರಿಯ ಅತ್ಯುತ್ತಮ ಭಾಗ. ಕರಿಯೋನ್ ದೆ ಲೋಸ್ ಕೊಂದೆಸ್ ಬಿಟ್ಟ ಮೇಲೆ ಸುಮಾರು 17 ಕಿಲೋಮೀಟರ್ ಊರೇ ಇಲ್ಲದ್ದರಿಂದ ನೀರನ್ನು ತುಂಬಿಕೊಂಡೇ ಹೊರಡಬೇಕು. ಪಶ್ಚಿಮಾಭಿಮುಖವಾಗಿ ನಡೆಯುವುದರಿಂದ ಬಿಸಿಲು ಹೆಚ್ಚಾಗಿ ಬೆನ್ನಿಗೂ ಎಡಕ್ಕೂ ಬೀಳುತ್ತದೆ. ಎಡಗಾಲಿನ ಮೀನಖಂಡಕ್ಕೆ ಸನ್‌ಸ್ಕ್ರೀನ್ ಹಚ್ಚುವುದನ್ನು ಮರೆಯಬೇಡಿ.

ನನ್ನ ನಿಜವಾದ ತಕರಾರು, ಸಾಂತಿಯಾಗೊಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರವಿರುವ ಸಾರಿಯಾ ಪಟ್ಟಣದಿಂದ ಮುಂದಿನ ಭಾಗದ ಬಗ್ಗೆ. ಕೊಂಪೊಸ್ತೆಲಾ ಎಂಬ ಪ್ರಮಾಣಪತ್ರಕ್ಕೆ ಕನಿಷ್ಠ 100 ಕಿಲೋಮೀಟರ್ ನಡೆದಿದ್ದರೆ ಸಾಕಾದ್ದರಿಂದ ಅಲ್ಲಿಂದ ಹೊಸಬರ ದಂಡೇ ಸೇರುತ್ತದೆ, ಮಧ್ಯಾಹ್ನದೊಳಗೆ ಹಾಸಿಗೆಗಳು ಭರ್ತಿಯಾಗುತ್ತವೆ. ಈ ಭಾಗಕ್ಕೆ ಮಾತ್ರ ನನ್ನ ಮಾತನ್ನು ಬದಿಗಿಟ್ಟು ಒಂದೆರಡು ದಿನ ಮೊದಲೇ ಫೋನ್ ಮಾಡಿ ಜಾಗ ಹಿಡಿದುಕೊಳ್ಳಿ, ಮತ್ತು ದಿನಕ್ಕೆ ಎರಡು ಮುದ್ರೆ ತಪ್ಪದೆ ಹಾಕಿಸಿಕೊಳ್ಳಿ. ಸಂತ ಯಾಕೋಬನ ಹಬ್ಬವಾದ ಜುಲೈ 25 ಭಾನುವಾರ ಬರುವ ವರ್ಷವನ್ನು ಪವಿತ್ರ ವರ್ಷವೆಂದು ಆಚರಿಸುತ್ತಾರೆ, ಮುಂದಿನದು 2027. ಜನಸಂದಣಿ ಬೇಡವೆನ್ನುವವರು ಆ ವರ್ಷವನ್ನು ಬಿಟ್ಟು, ಉಳಿದ ಯಾವುದಾದರೂ ವರ್ಷದ ಏಪ್ರಿಲ್ ಕೊನೆ ಅಥವಾ ಅಕ್ಟೋಬರ್ ಮೊದಲ ಭಾಗವನ್ನು ಆರಿಸಿಕೊಳ್ಳಬಹುದು.