ಉತ್ತರಧ್ರುವ ಯಾತ್ರೆಗಳ ಹಳೆಯ ಸುದ್ದಿ ಹುಡುಕಲು ಟ್ರೋವ್ ಹೇಗಿದೆ?

ಹತ್ತೊಂಬತ್ತನೇ ಶತಮಾನದ ಆರ್ಕ್ಟಿಕ್ ಯಾತ್ರೆಗಳನ್ನು ಅಂದಿನ ಪತ್ರಿಕೆಗಳಲ್ಲೇ ಓದಬೇಕೆನ್ನುವವರು ಮೊದಲು ತೆರೆಯಬೇಕಾದದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ಹಳೆಯ ಪತ್ರಿಕೆಗಳನ್ನು ಆನ್‌ಲೈನ್‌ನಲ್ಲಿ ಹುಡುಕಿ ಓದುವ ತಾಣ. ಪೂರ್ತಿ ಉಚಿತ. ಧ್ರುವದ ಸುದ್ದಿಗೆ ಆಸ್ಟ್ರೇಲಿಯಾ ಯಾಕೆ ಎನ್ನಬೇಡಿ. ಬ್ರಿಟಿಷ್ ಆರ್ಕ್ಟಿಕ್ ಅನ್ವೇಷಕ ಜಾನ್ ಫ್ರಾಂಕ್ಲಿನ್ 1837ರಿಂದ 1843ರವರೆಗೆ ಈಗಿನ ಟಾಸ್ಮೇನಿಯಾದ ಆಡಳಿತ ನಡೆಸಿದವರು. 1845ರ ಮೇ ತಿಂಗಳಲ್ಲಿ ಎರೆಬಸ್, ಟೆರರ್ ಹಡಗುಗಳೊಂದಿಗೆ ಆರ್ಕ್ಟಿಕ್‌ಗೆ ಹೊರಟ ಅವರು ಮರಳದೇ ಹೋದಾಗ, ಟಾಸ್ಮೇನಿಯಾದ ರಾಜಧಾನಿ ಹೋಬಾರ್ಟ್‌ನವರಿಗೆ ಅದು ಪರಿಚಯದವರ ಸುದ್ದಿ. ಲಂಡನ್ ಪತ್ರಿಕೆಗಳ ಬರಹಗಳನ್ನೂ ಅಲ್ಲಿನವರು ಎತ್ತಿ ಮರುಮುದ್ರಿಸುತ್ತಿದ್ದರು.

ಹೊಸಬರು ಎಡವುವುದು ತಾರೀಕಿನಲ್ಲಿ. ಫ್ರಾಂಕ್ಲಿನ್ ತಂಡದ ಗತಿ ತಿಳಿಸಿದ ಡಾ. ಜಾನ್ ರೇ ವರದಿ ಲಂಡನ್ನಿನ ಟೈಮ್ಸ್‌ನಲ್ಲಿ ಬಂದದ್ದು 1854ರ ಅಕ್ಟೋಬರ್ 23ರಂದು. ಆ ತಿಂಗಳನ್ನೇ ಹಾಕಿ ಹುಡುಕಿದರೆ ಟ್ರೋವ್‌ನಲ್ಲಿ ಕೈಗೆ ಹತ್ತುವುದಿಲ್ಲ. ಸುದ್ದಿ ಹಡಗಿನಲ್ಲೇ ಬರಬೇಕಿತ್ತು. 1855ರ ಜನವರಿಯಿಂದ ಮಾರ್ಚ್‌ವರೆಗೆ ಹಾಕಿ. 1872ರಲ್ಲಿ ಆಸ್ಟ್ರೇಲಿಯಾಕ್ಕೆ ತಂತಿ ಬಂದ ಮೇಲೆ ಈ ಕಾಯುವಿಕೆ ತಪ್ಪಿತು. ಆರ್ಕ್ಟಿಕ್‌ಗೆ ಹೋಗಿದ್ದ ಅಮೆರಿಕದ ಗ್ರೀಲಿ ತಂಡದಲ್ಲಿ ಬದುಕುಳಿದವರು 1884ರ ಜುಲೈ 17ರಂದು ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್ ತಲುಪಿದ ಸುದ್ದಿಯನ್ನು ಅದೇ ತಿಂಗಳಲ್ಲಿ ಹುಡುಕಬಹುದು. ತಂತಿ ಸುದ್ದಿ ಚಿಕ್ಕದು, ವಿವರ ಅಂಚೆಯಲ್ಲಿ ಹಿಂದಿನಿಂದ ಬರುತ್ತಿತ್ತು. ಪದಸಂಖ್ಯೆಯ ಫಿಲ್ಟರ್ ಇಲ್ಲಿ ತುಂಬಾ ಉಪಯೋಗಿ: ಸಾವಿರಕ್ಕಿಂತ ಹೆಚ್ಚು ಪದಗಳ ಆಯ್ಕೆ ಒತ್ತಿದರೆ ಉದ್ದನೆಯ ವರದಿಗಳಷ್ಟೇ ಉಳಿಯುತ್ತವೆ.

ಟೆರರ್ ಅಂತ ಒಂದೇ ಪದ ಹಾಕಬೇಡಿ, ಭಯದ ಸುದ್ದಿಯೆಲ್ಲ ಬಂದು ಬೀಳುತ್ತದೆ. ಎರಡೂ ಹಡಗುಗಳ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಒಟ್ಟಿಗೆ ಕೊಡಿ. ಆರ್ಕ್ಟಿಕ್‌ನ ಮೂಲನಿವಾಸಿಗಳಿಗಿರುವ ಇನ್ಯುಯಿಟ್ ಎಂಬ ಈಗಿನ ಹೆಸರು ಆಗಿನ ವರದಿಗಳಲ್ಲಿ ಸಿಗುವುದು ಕಷ್ಟ. ಎಸ್ಕಿಮೋ ಪದವನ್ನು, ಅದೂ ಕೊನೆಗೆ ಎ, ಯು, ಎಕ್ಸ್ ಬರುವ ಹಳೆಯ ಕಾಗುಣಿತದಲ್ಲಿ, ಟೈಪ್ ಮಾಡಬೇಕು.

ದೊಡ್ಡ ತೊಂದರೆ ಪುಟಚಿತ್ರದಿಂದ ಯಂತ್ರ ಓದಿ ತೆಗೆದ ಪಠ್ಯದ್ದು. ಮಸಿ ಹರಡಿದ ಕಡೆ ಯು ಅಕ್ಷರ ಎನ್ ಆಗುತ್ತದೆ, ಎರೆಬಸ್ ಹುಡುಕಾಟದಿಂದಲೇ ಮಾಯ. ರೇ ವರದಿಯಲ್ಲಿ ಇದರ ಪೆಟ್ಟು ಜೋರು. ಸ್ಥಳೀಯರಿಂದ ಕೊಂಡ ಬೆಳ್ಳಿಯ ಚಮಚ, ಫೋರ್ಕ್‌ಗಳ ಮೇಲೆ ಕೆತ್ತಿದ್ದ ಇನಿಶಿಯಲ್‌ಗಳನ್ನು ಅವರು ಪಟ್ಟಿ ಮಾಡಿದ್ದರು. ಯಾವ ಅಧಿಕಾರಿಯ ಸಾಮಾನು ಎಂದು ಗೊತ್ತಾಗುವುದು ಅವುಗಳಿಂದಲೇ. ಒಂದಕ್ಷರ ತಪ್ಪಿದರೆ ಆಳೇ ಬದಲಾಗುತ್ತಾನೆ. ಆದ್ದರಿಂದ ಎಡಗಡೆಯ ಪಠ್ಯ ನಕಲು ಮಾಡುವ ಮುಂಚೆ ಪಕ್ಕದ ಪುಟಚಿತ್ರ ಹಿಗ್ಗಿಸಿ ತಾಳೆ ನೋಡಿ. ತಪ್ಪು ಕಂಡರೆ ಅಲ್ಲೇ ತಿದ್ದಿ ಉಳಿಸಬಹುದು. ಮುಂದೆ ಹುಡುಕುವವರಿಗೆ ತಿದ್ದಿದ ಪದವೂ ಸಿಗುತ್ತದೆ. ಟ್ರೋವ್‌ನಲ್ಲಿ ಅತ್ಯಂತ ಇಷ್ಟವಾಗುವ ಸೌಲಭ್ಯ ಇದು.

ಅಮೆರಿಕದ ಆರ್ಕ್ಟಿಕ್ ಯಾತ್ರೆಯ ಜೀನೆಟ್ ಹಡಗಿನ ಕಥೆಗೆ ಮಾತ್ರ ಟ್ರೋವ್ ಸಾಲದು. 1879ರ ಜುಲೈ 8ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ಯಾತ್ರೆಗೆ ದುಡ್ಡು ಸುರಿದದ್ದೇ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ಮಾಲೀಕ ಜೇಮ್ಸ್ ಗಾರ್ಡನ್ ಬೆನೆಟ್. ಹೆರಾಲ್ಡ್‌ನ ಮೂಲ ಪುಟಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕಾ ಎಂಬ ಪತ್ರಿಕಾ ಸಂಗ್ರಹದಲ್ಲಿವೆ, ಅದೂ ಉಚಿತ.