ವೈಪರ್ ಟ್ಯಾಂಕಿಗೆ ಶಾಂಪೂ ಹಾಕಲು ಬಿಡಬೇಡಿ: ಶಿರಾಡಿಯಲ್ಲಿ ನಮಗಾದದ್ದು

ಮಳೆಗಾಲದಲ್ಲಿ ಘಾಟಿ ಇಳಿಯುವವರು, ರಾತ್ರಿ ಹೈವೇಯಲ್ಲಿ ಗಾಡಿ ಓಡಿಸುವವರು ದಯವಿಟ್ಟು ಇದನ್ನು ಓದಿ. ಕಾರು ತೊಳೆಯಲು ಕೊಟ್ಟಾಗ ಯಾರಾದರೂ "ವೈಪರ್ ನೀರಿಗೂ ಸ್ವಲ್ಪ ಶಾಂಪೂ ಹಾಕಿ ಫುಲ್ ಮಾಡ್ತೀನಿ ಸರ್" ಅಂದರೆ ಬೇಡವೇ ಬೇಡ ಅನ್ನಿ. ಹೇಳದೆ ಹಾಕುವವರೂ ಇದ್ದಾರೆ. ನಮಗೆ ಆಗಿದ್ದು ಅದೇ.

ಜುಲೈ ತಿಂಗಳು. ಬೆಂಗಳೂರಿನಿಂದ ಮಂಗಳೂರಿಗೆ ಹೊರಟಿದ್ದೆವು. ಹಿಂದಿನ ದಿನ ಒಂದು ವಾಟರ್ ಸರ್ವಿಸ್ ಅಂಗಡಿಯಲ್ಲಿ ಕಾರು ತೊಳೆಸಿದ್ದೆ. ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಾಕಿದ್ದರು, ಗಾಜು ಫಳಫಳ ಹೊಳೆಯುತ್ತಿತ್ತು. ಹಾಸನ ದಾಟುವವರೆಗೆ ಮಳೆ ಬಿಟ್ಟು ಬಿಟ್ಟು ಬಂತು. ವೈಪರ್ ಸಾಕಾಯಿತು, ನೀರು ಚಿಮ್ಮಿಸುವ ಅಗತ್ಯವೇ ಬರಲಿಲ್ಲ. ಸಕಲೇಶಪುರದಲ್ಲಿ ತಿಂಡಿ ತಿಂದು ಶಿರಾಡಿ ಇಳಿಯಲು ಶುರು ಮಾಡಿದಾಗ ಕತ್ತಲಾಗಿತ್ತು. ತುಂತುರು ಮಳೆ. ಎದುರಿಂದ ಬಂದ ಟ್ಯಾಂಕರ್ ಒಂದು ಗುಂಡಿಯಲ್ಲಿದ್ದ ಕೆಂಪು ನೀರನ್ನು ನಮ್ಮ ಗಾಜಿನ ತುಂಬಾ ಎರಚಿ ಹೋಯಿತು. ವೈಪರ್ ಕಡ್ಡಿ ಎಳೆದು ನೀರು ಬಿಟ್ಟೆ.

ಬಂದದ್ದು ನೊರೆ. ವೈಪರ್ ಅದನ್ನು ಗಾಜಿನ ಉದ್ದಕ್ಕೂ ಸವರಿತು. ಕೆಸರು ಹೋಯಿತು, ಅದರ ಜಾಗದಲ್ಲಿ ಜಿಡ್ಡಿನ ತೆಳುವಾದ ಪದರ ಕೂತಿತು. ಅಷ್ಟರಲ್ಲಿ ಎದುರಿನ ತಿರುವಿನಿಂದ ಒಂದು ಬಸ್ಸು ಹೈ ಬೀಮ್ ಹಾಕಿಕೊಂಡು ಬಂತು. ಇಡೀ ಗಾಜು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ರಸ್ತೆ ಅಂಚಿನ ಬಿಳಿ ಗೆರೆ ಇಲ್ಲ, ತಡೆಗೋಡೆ ಇಲ್ಲ, ಮುಂದಿನ ಗಾಡಿಯ ಕೆಂಪು ದೀಪವೂ ಇಲ್ಲ. ಮತ್ತೆ ನೀರು ಬಿಟ್ಟರೆ ಇನ್ನಷ್ಟು ನೊರೆ.

40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಐದು ಸೆಕೆಂಡ್ ಕಾಣಲಿಲ್ಲ ಅಂದರೆ 55 ಮೀಟರ್. ಶಿರಾಡಿಯಂಥ ಘಾಟಿಯಲ್ಲಿ ಅಷ್ಟರೊಳಗೆ ಒಂದು ತಿರುವು ಬಂದುಬಿಡಬಹುದು. ಪಕ್ಕದಲ್ಲಿದ್ದ ಭಾಮೈದ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ, "ಭಾವ, ನಿಧಾನ... ಎಡಕ್ಕೆ ತಗೊಳ್ಳಿ, ಜಾಗ ಇದೆ, ಇನ್ನೂ ಸ್ವಲ್ಪ" ಅನ್ನುತ್ತಾ ದಾರಿ ಹೇಳಿದ. ಹಜಾರ್ಡ್ ಲೈಟ್ ಹಾಕಿ ಪಕ್ಕಕ್ಕೆ ನಿಲ್ಲಿಸಿದೆವು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅವತ್ತು ಏನೂ ಆಗಲಿಲ್ಲ, ಅಷ್ಟೇ.

ಕುಡಿಯುವ ನೀರಿನ ಬಾಟಲಿಗಳನ್ನು ಗಾಜಿನ ಮೇಲೆ ಸುರಿದೆವು. ನೀರು ಹರಡದೆ ಹನಿ ಹನಿಯಾಗಿ ನಿಂತಿತು. ಬೆರಳಿನಿಂದ ಎಳೆದರೆ ಗೆರೆ ಮೂಡುತ್ತಿತ್ತು, ಬೆರಳಿಗೆ ಮೇಣದಂಥ ಜಿಡ್ಡು ಅಂಟುತ್ತಿತ್ತು. ಹಳೆ ಪೇಪರ್ ಒದ್ದೆ ಮಾಡಿ ಉಜ್ಜಿ, ಒಣಗಿದ ಪೇಪರಿನಿಂದ ಒರೆಸಿದ ಮೇಲೆ ಮುಂದೆ ಹೋಗುವಷ್ಟು ಕಾಣಿಸಿತು. ಆಮೇಲೆ ಆ ಟ್ಯಾಂಕಿನ ನೀರನ್ನು ಮುಟ್ಟಲಿಲ್ಲ.

ಮಂಗಳೂರಿನಲ್ಲಿ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನ ಪೈಪ್ ಬಿಡಿಸಿ ಎಲ್ಲಾ ಇಳಿಸಿದರು. ಕೊನೆಗೆ ಬಂದದ್ದು ಲೋಳೆ ಲೋಳೆ. ಬೆರಳಲ್ಲಿ ಮುಟ್ಟಿ ವಾಸನೆ ನೋಡಿ, "ಇದು ಬಾಡಿಗೆ ಹಾಕುವ ವ್ಯಾಕ್ಸ್ ಶಾಂಪೂ ಮಾರಾಯ್ರೆ, ಇದನ್ನು ಇಲ್ಲಿಗೆ ಯಾರು ಹಾಕಿದ್ದು?" ಅಂತ ಕೇಳಿದರು. ತೊಳೆದ ಅಂಗಡಿಯವರಿಗೆ ಫೋನ್ ಮಾಡಿದೆ. "ಎಲ್ಲಾ ಗಾಡಿಗೂ ಅದೇ ಹಾಕೋದು ಸರ್, ಇಲ್ಲೀತನಕ ಯಾರೂ ಏನೂ ಹೇಳಿಲ್ಲ" ಅಂದರು. ಆ ಮಾತು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಯಾರೂ ಹೇಳದೇ ಇರೋದಕ್ಕೆ ಕಾರಣ ಇದೆ. ಹಗಲಲ್ಲಿ ಊರೊಳಗೆ ಓಡಿಸುವವರಿಗೆ ಇದು ಗೊತ್ತೇ ಆಗೋದಿಲ್ಲ.

ವ್ಯಾಕ್ಸ್ ಇರುವ ಶಾಂಪೂವಿನ ಕೆಲಸವೇ ಪೇಂಟ್ ಮೇಲೆ ಒಂದು ಪದರ ಬಿಟ್ಟುಹೋಗುವುದು. ಬಾಗಿಲಿನ ಮೇಲೆ ಅದು ಚೆನ್ನ. ಗಾಜಿನ ಮೇಲೆ ವೈಪರ್ ಅದನ್ನು ಒಂದೊಂದು ಕಡೆ ಒಂದೊಂದು ಥರ ಹರಡುತ್ತದೆ. ಹಗಲಲ್ಲಿ ಬೆಳಕು ಎಲ್ಲಾ ಕಡೆಯಿಂದ ಬರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ಹೆಡ್‌ಲೈಟಿನ ಬೆಳಕು ಒಂದೇ ಕಡೆಯಿಂದ ಬಿದ್ದು, ಆ ಜಿಡ್ಡಿನಲ್ಲಿ ಚದುರುತ್ತದೆ. ಈಗಿನ ಬಿಳಿ ಎಲ್‌ಇಡಿ ದೀಪಗಳಲ್ಲಂತೂ ಕೇಳೋದೇ ಬೇಡ. ಇದರ ಜೊತೆಗೆ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ ಬಟ್ಟೆಯಲ್ಲೇ ನಮ್ಮ ಗಾಜಿನ ಒಳಗಡೆಯೂ ಒರೆಸಿದ್ದರು. ಪಾಲಿಶ್‌ನಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ. ಹೊರಗೊಂದು ಪದರ, ಒಳಗೊಂದು ಪದರ.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವವರೂ ಬಹಳ ಜನ. ಅದೂ ಬೇಡ. ಅದಕ್ಕೆ ನೊರೆ ಜಾಸ್ತಿ, ಒಣಗಿದರೆ ಗಾಜಿನ ಮೇಲೆ ಕಲೆ ಉಳಿಯುತ್ತದೆ. ಸೀಮೆಎಣ್ಣೆ ಹಾಕಿ ಒರೆಸುವ ರೂಢಿ ಕೆಲವರಲ್ಲಿ ಇನ್ನೂ ಇದೆ. ಅದು ಜಿಡ್ಡನ್ನೂ ಬಿಡುತ್ತದೆ, ವೈಪರಿನ ರಬ್ಬರನ್ನೂ ಹಾಳು ಮಾಡುತ್ತದೆ. ಲಾರಿಯವರು ಗಾಜಿಗೆ ಹೊಗೆಸೊಪ್ಪು ಉಜ್ಜುವುದುಂಟು. ವೈಪರ್ ಕೈಕೊಟ್ಟಾಗ ದಾರಿಯಲ್ಲಿ ಬಚಾವಾಗಲು ಕಂಡುಕೊಂಡ ಉಪಾಯ ಅದು, ಅದರ ಮೇಲೆ ನನಗೆ ಗೌರವ ಇದೆ. ಆದರೆ ಚೆನ್ನಾಗಿರುವ ವೈಪರ್ ಇರುವವರಿಗೆ ಅದರ ಅಗತ್ಯ ಇಲ್ಲ.

ಹಾಗಾದರೆ ಏನು ಹಾಕಬೇಕು? ಗಾಜಿಗಂತಲೇ ಮಾಡಿದ ವಾಷರ್ ಲಿಕ್ವಿಡ್ ಆಟೊಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ಏನೂ ದುಬಾರಿ ಅಲ್ಲ. ಎಷ್ಟು ನೀರಿಗೆ ಎಷ್ಟು ಅಂತ ಅದರ ಮೇಲೇ ಬರೆದಿರುತ್ತದೆ. ಅಷ್ಟೇ ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗೋದಿಲ್ಲ, ಅದೂ ಗೆರೆ ಬಿಡುತ್ತದೆ.

ಅದಕ್ಕಿಂತ ದೊಡ್ಡ ವಿಷಯ ನೀರು. ಬೆಂಗಳೂರು, ಕೋಲಾರ, ತುಮಕೂರು ಕಡೆ ಬೋರ್ ನೀರು ಬಹಳ ಗಡಸು. ಗೀಸರಿನಲ್ಲಿ, ನಲ್ಲಿ ಬಾಯಲ್ಲಿ ಕೂರುವ ಅದೇ ಬಿಳಿ ಸುಣ್ಣ ವೈಪರ್ ನೀರಿನ ಸಣ್ಣ ತೂತಿನಲ್ಲೂ ಕೂರುತ್ತದೆ. ಒಂದು ಕಡೆ ನೀರು ಬಂದು ಇನ್ನೊಂದು ಕಡೆ ಬಾರದಿದ್ದರೆ ಹೆಚ್ಚಾಗಿ ಕಾರಣ ಇದೇ. ತೆಳ್ಳಗಿನ ಸೂಜಿಯಿಂದ ಮೆಲ್ಲಗೆ ಬಿಡಿಸಬಹುದು. ಟ್ಯಾಂಕಿಗೆ ಆರ್‌ಒ ಫಿಲ್ಟರಿನ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಹಾಕಿದರೆ ಈ ತೊಂದರೆಯೇ ಇಲ್ಲ.

ಬರೀ ನೀರು ಸಾಲದೇ ಅಂತ ಕೇಳುತ್ತೀರಿ. ತುರ್ತಿಗೆ ಸಾಕು, ಶಾಂಪೂಗಿಂತ ನೂರು ಪಾಲು ಮೇಲು. ಆದರೆ ಬಾನೆಟ್ ಕೆಳಗೆ ಬೆಚ್ಚಗೆ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಾಷರ್ ಲಿಕ್ವಿಡ್ ಬೆರೆಸದ ಬರೀ ನೀರಿಗೂ ಲೀಜನೇರ್ಸ್ ಎಂಬ ಗಂಭೀರ ನ್ಯುಮೋನಿಯಾಗೂ ನಂಟಿರುವುದನ್ನು 2010ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಚಿಮ್ಮಿದ ನೀರಿನ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋಗುತ್ತವೆ.

ಈಗಾಗಲೇ ಶಾಂಪೂ ಹಾಕಿಬಿಟ್ಟಿದ್ದಾರೆ ಅಂತ ಅನುಮಾನ ಇದ್ದರೆ, ಬೆಳಿಗ್ಗೆ ಗಾಡಿ ನಿಂತಿರುವಾಗಲೇ ಒಂದು ಸಲ ನೀರು ಬಿಟ್ಟು ನೋಡಿ. ನೊರೆ ಕಾಣಿಸಿದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ನೊರೆ ನಿಲ್ಲುವವರೆಗೆ ಬರೀ ನೀರು ಹಾಕಿ ತೊಳೆಸಿ. ಕಡ್ಡಿ ಎಳೆದು ಹಿಡಿದೇ ಖಾಲಿ ಮಾಡಲು ಹೋಗಬೇಡಿ, ಸಣ್ಣ ಮೋಟಾರು ಬಿಸಿಯಾಗಿ ಸುಟ್ಟುಹೋಗಬಹುದು. ವೈಪರ್ ರಬ್ಬರನ್ನು ಒದ್ದೆ ಬಟ್ಟೆಯಿಂದ ಕಪ್ಪು ಬರುವುದು ನಿಲ್ಲುವ ತನಕ ಒರೆಸಿ. ಗಾಜಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು ಅಷ್ಟೇ ನೀರು ಬೆರೆಸಿ, ಹೊಸ ಮೈಕ್ರೋಫೈಬರ್ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ. ಬೆಂಕಿ ಹತ್ತಿರ ಬೇಡ, ಬಾಗಿಲು ತೆರೆದಿರಲಿ. ಆಮೇಲೆ ಹೊರಗಡೆ ನೀರು ಚಿಮುಕಿಸಿ. ಒಂದೇ ಸಮ ಹಾಳೆಯ ಹಾಗೆ ಹರಿದರೆ ಗಾಜು ಶುದ್ಧ. ಹನಿಗಟ್ಟಿದರೆ ಜಿಡ್ಡು ಇನ್ನೂ ಇದೆ, ಮತ್ತೆ ಒರೆಸಿ.

ನೀರು ಹಾಕುವವರ ಮೇಲೆ ಒಂದು ಕಣ್ಣಿಡಿ. ವೈಪರ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಜಿಗೆ ನೀರು ಚಿಮ್ಮುವ ಚಿತ್ರ ಇರುತ್ತದೆ. ಪಕ್ಕದಲ್ಲೇ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಡಬ್ಬ ಇರುವ ಗಾಡಿಗಳಿವೆ. ಕೂಲೆಂಟ್ ಇಲ್ಲಿಗೆ ಬಿದ್ದರೆ ಗಾಜೆಲ್ಲಾ ಜಾರು ಜಿಡ್ಡು. ಶಾಂಪೂ ನೀರು ಅಲ್ಲಿಗೆ ಬಿದ್ದರೆ ಎಂಜಿನ್ನಿಗೇ ಪೆಟ್ಟು.

ಅಮೆರಿಕ, ಕೆನಡಾ ಕಡೆ ಇರುವ ನಮ್ಮವರಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟದ ಲಿಕ್ವಿಡ್ ಬೇಕೇ ಬೇಕು. ಅಲ್ಲಿ ಮಾರುವ ನೀಲಿ ಬಣ್ಣದ ಕ್ಯಾನುಗಳಲ್ಲಿ ಹೆಚ್ಚಿನವುಗಳಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಇರುತ್ತದೆ. ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ ಜನಸಾಮಾನ್ಯರಿಗೆ ಮಾರುವ ವಾಷರ್ ಲಿಕ್ವಿಡ್‌ನಲ್ಲಿ ಮೆಥನಾಲ್ 0.6 ಶೇಕಡಾಕ್ಕಿಂತ ಕಡಿಮೆ ಇರಬೇಕು ಅಂತ 2019ರಿಂದ ನಿಯಮವಿದೆ. ಎಲ್ಲಿದ್ದರೂ ಸರಿ, ಉಳಿದ ಲಿಕ್ವಿಡ್ಡನ್ನು ಜ್ಯೂಸ್ ಬಾಟಲಿಗೋ ನೀರಿನ ಬಾಟಲಿಗೋ ಸುರಿದಿಡಬೇಡಿ. ಅದರದೇ ಕ್ಯಾನಿನಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.